ಮನೆಯ ಕಾಗದ ಕತ್ತರಿಸುವ ಯಂತ್ರ: ಒಂದು ಬೀರು ತುಂಬ ದಾಖಲೆಗಳ ಮುಂದೆ

ಮೇಜಿನ ಕೆಳಗೆ ಕಸದ ಬುಟ್ಟಿಯಷ್ಟೇ ಜಾಗ ಹಿಡಿಯುವ, ಐದರಿಂದ ಎಂಟು ಸಾವಿರ ರೂಪಾಯಿಗಳ ನಡುವೆ ಸಿಗುವ, ಕಾಗದವನ್ನು ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿ ಚೂರು ಮಾಡುವ ಕ್ರಾಸ್ ಕಟ್ ಶ್ರೆಡ್ಡರ್‌ಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಹೇರಳವಾಗಿವೆ. ಅಂಥದೊಂದನ್ನು ನಾವು ಕೊಂಡದ್ದು ಮೈಸೂರಿನ ಮನೆಯಲ್ಲಿ ಮಾವನವರು ನಾಲ್ಕು ದಶಕಗಳಿಂದ ಕೂಡಿಟ್ಟಿದ್ದ ಕಾಗದಪತ್ರಗಳನ್ನು ಅವರ ಕಾಲಾನಂತರ ವಿಲೇವಾರಿ ಮಾಡುವ ಸಲುವಾಗಿ. ಬೀರು, ಟ್ರಂಕು, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು ಎಲ್ಲವೂ ಸೇರಿ ಐವತ್ತು ಕಿಲೋಗೆ ಕಡಿಮೆಯಿರಲಿಲ್ಲ. ಯಂತ್ರದ ಬ್ರ್ಯಾಂಡನ್ನು ಇಲ್ಲಿ ಹೆಸರಿಸುತ್ತಿಲ್ಲ. ಈ ಬೆಲೆಯ ಯಂತ್ರಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಬಗೆಯವು, ಕೆಳಗೆ ಹೇಳುವ ಗುಣವೂ ದೋಷವೂ ಆ ಇಡೀ ವರ್ಗಕ್ಕೆ ಸಲ್ಲುತ್ತವೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ತಿಂಗಳು ತಿಂಗಳು ಮನೆಗೆ ಬಂದು ಬೀಳುವ ಕಾಗದಕ್ಕೆ ಇದು ಒಳ್ಳೆಯ ಯಂತ್ರ, ಒಮ್ಮೆಗೇ ಎದುರಾಗುವ ರಾಶಿಗೆ ಇದರ ಶಕ್ತಿ ಸಾಲದು, ಹಾಗಿದ್ದೂ ರಾಶಿಯನ್ನು ತಾಳ್ಮೆಯಿಂದ ವಿಂಗಡಿಸಿಕೊಂಡವರಿಗೆ ಇದರಿಂದಲೇ ಕೆಲಸ ಮುಗಿದೀತು.

ಇಷ್ಟೆಲ್ಲ ಏಕೆ, ಕಿಲೋ ಲೆಕ್ಕದಲ್ಲಿ ಹಳೇ ಪೇಪರ್ ಅಂಗಡಿಗೆ ಹಾಕಿದರಾಯಿತಲ್ಲ ಎಂದು ಮನೆಯವರೇ ಕೇಳಿದರು. ರದ್ದಿ ಅಂಗಡಿಗೆ ಹೋದ ಕಾಗದವೆಲ್ಲ ನೇರವಾಗಿ ಗಿರಣಿ ಸೇರುವುದಿಲ್ಲ. ಅದರ ಒಂದು ಪಾಲು ಪೊಟ್ಟಣವಾಗಿ ಪೇಟೆಗೆ ಮರಳುತ್ತದೆ; ಯಾರದೋ ಸಂಬಳದ ಚೀಟಿಯಲ್ಲಿ ಕಟ್ಟಿಕೊಟ್ಟ ಕಡಲೆಕಾಯಿಯನ್ನು ತಿನ್ನದವರು ನಮ್ಮಲ್ಲಿ ವಿರಳ. ಅದಕ್ಕಿಂತ ದೊಡ್ಡ ಅಪಾಯ ಜೆರಾಕ್ಸ್ ಪ್ರತಿಗಳದ್ದು. ಗ್ಯಾಸ್ ಸಂಪರ್ಕಕ್ಕೆ, ಸಿಮ್ ಕಾರ್ಡಿಗೆ, ಬ್ಯಾಂಕಿನ ಕೆವೈಸಿಗೆ, ಬಾಡಿಗೆ ಕರಾರಿಗೆ ಎಂದು ಮಾಡಿಸಿ, ಅಡಿಯಲ್ಲಿ ಸ್ವಯಂ ದೃಢೀಕರಣದ ಸಹಿ ಹಾಕಿ, ಒಂದೆರಡು ಹೆಚ್ಚೇ ಇರಲೆಂದು ಉಳಿಸಿಕೊಂಡ ಆಧಾರ್ ಪ್ರತಿಗಳು ಪ್ರತಿ ಮನೆಯಲ್ಲೂ ಇವೆ. ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಭಾವಚಿತ್ರ, 12 ಅಂಕಿಯ ಸಂಖ್ಯೆ ಮತ್ತು ಸಹಿಯ ಮಾದರಿ ಇವಿಷ್ಟೂ ಒಂದೇ ಹಾಳೆಯ ಮೇಲೆ ಸಿಗುವ ಬೇರೆ ಕಾಗದ ಇಲ್ಲ. 2022ರ ಮೇ ತಿಂಗಳ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಆಧಾರ್ ಜೆರಾಕ್ಸ್ ಪ್ರತಿಯನ್ನು ಯಾವುದೇ ಸಂಸ್ಥೆಗೆ ಕೊಡಬೇಡಿ, ಅದು ದುರ್ಬಳಕೆಯಾಗಬಹುದು, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನು ಬಳಸಿ ಎಂದು ಪ್ರಕಟಣೆ ಹೊರಡಿಸಿತು. ತಪ್ಪು ತಿಳುವಳಿಕೆಗೆ ಎಡೆಯಾಗುತ್ತದೆಂದು ಕೇಂದ್ರ ಸರ್ಕಾರ ಅದನ್ನು ಒಂದೆರಡು ದಿನಗಳಲ್ಲೇ ಹಿಂತೆಗೆದುಕೊಂಡಿತು. ಪ್ರಕಟಣೆ ಹಿಂದೆ ಹೋಯಿತೇ ಹೊರತು ಪ್ರತಿಗಳು ಬೀರುಗಳಲ್ಲೇ ಉಳಿದವು.

ಮರುವರ್ಷ, ಅಂದರೆ 2023ರಲ್ಲಿ, ನೋಂದಾಯಿತ ಕ್ರಯಪತ್ರಗಳ ಪ್ರತಿಗಳಿಂದ ಹೆಬ್ಬೆರಳ ಗುರುತನ್ನೂ ಆಧಾರ್ ಸಂಖ್ಯೆಯನ್ನೂ ತೆಗೆದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ಲಪಟಾಯಿಸಿದ ಪ್ರಕರಣಗಳು ಕರ್ನಾಟಕದಲ್ಲಿ ಬೆಳಕಿಗೆ ಬಂದವು. ಒಟಿಪಿ ಬೇಡದ, ಬೆರಳ ಗುರುತೇ ಸಹಿಯಾಗುವ ವ್ಯವಸ್ಥೆ ಅದು. ಅಲ್ಲಿ ಪ್ರತಿಗಳು ಸಿಕ್ಕಿದ್ದು ಆನ್‌ಲೈನ್ ದಾಖಲೆಗಳಿಂದ ಎಂಬುದು ನಿಜ. ಆದರೆ ಮನೆ ಕೊಂಡವರ ಬೀರುವಿನಲ್ಲಿ ಅದೇ ಕ್ರಯಪತ್ರದ ಮೂರು ನಾಲ್ಕು ಜೆರಾಕ್ಸ್ ಇರುವುದೂ, ಸಾಲಕ್ಕೆಂದು ಬ್ಯಾಂಕಿಗೆ ಕೊಟ್ಟು ಉಳಿದವು ಅಲ್ಲೇ ಹಳದಿಯಾಗುತ್ತಿರುವುದೂ ಅಷ್ಟೇ ನಿಜ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಾಗ, ಆ ಪ್ರಕರಣಕ್ಕೆ ಹೆಸರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ರದ್ದಿ ಮೂಟೆಯನ್ನು ಕಾಯುವುದಿಲ್ಲ. ಮನೆಯ ಕಾಗದವನ್ನು ಮನೆಯವರೇ ನೋಡಿಕೊಳ್ಳಬೇಕು.

ಯಂತ್ರದ ಮಾತಿಗೆ ಬರುವ ಮುನ್ನ ವಿಂಗಡಣೆಯ ಬಗ್ಗೆ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಯಂತ್ರ ಸಾಕಾಗುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದೇ. ಕತ್ತರಿಸಿದ ಕಾಗದ ಮರಳಿ ಬರುವುದಿಲ್ಲವಾದ್ದರಿಂದ ಮೊದಲು ಎತ್ತಿಡಬೇಕಾದ್ದು ನಾಶಪಡಿಸಬಾರದ ಕಟ್ಟು. ಮೂಲ ಕ್ರಯಪತ್ರ, ಅದರ ಹಿಂದಿನ ತಾಯಿಪತ್ರಗಳು, ವಿಭಾಗಪತ್ರ, ಖಾತೆ, ಕಂದಾಯ ರಶೀದಿಗಳು, ಸಾಲ ತೀರಿದ್ದಕ್ಕೆ ಬ್ಯಾಂಕು ಕೊಟ್ಟ ಪತ್ರ, ಪಿಂಚಣಿ ಆದೇಶ, ಜನನ ಮರಣ ಪ್ರಮಾಣಪತ್ರಗಳು, ಅಂಕಪಟ್ಟಿಗಳು ಮತ್ತು ಜಾತಿ ಪ್ರಮಾಣಪತ್ರಗಳ ಮೂಲಪ್ರತಿಗಳು ಎಷ್ಟೇ ಹಳೆಯವಾದರೂ ಇರಲಿ. ಮನೆ ಕಟ್ಟಿದ ಮತ್ತು ಮಹಡಿ ಏರಿಸಿದ ಖರ್ಚಿನ ಬಿಲ್ಲುಗಳನ್ನೂ ಮನೆ ಮಾರುವ ತನಕ ಇಟ್ಟುಕೊಳ್ಳುವುದು ಲೇಸು. ಬಂಡವಾಳ ಲಾಭದ ತೆರಿಗೆಯನ್ನು ಲೆಕ್ಕ ಹಾಕುವಾಗ ಅವು ಬೇಕಾಗುತ್ತವೆ.

ಕರ್ನಾಟಕದ ಬೀರುಗಳಿಗೆ ವಿಶಿಷ್ಟವಾದ ಇನ್ನೊಂದು ಕಟ್ಟು ಇದೆ: ಈಗ ಇಲ್ಲವಾಗಿರುವ ಬ್ಯಾಂಕುಗಳ ಪಾಸ್‌ಬುಕ್ಕು ಮತ್ತು ಠೇವಣಿ ರಶೀದಿಗಳು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿ ವಿಲೀನವಾದವು. ಬ್ಯಾಂಕೇ ಇಲ್ಲವಾದ ಮೇಲೆ ಪಾಸ್‌ಬುಕ್ಕಿಗೇನು ಬೆಲೆ ಎಂದು ಅದನ್ನು ನೇರ ಯಂತ್ರದ ಬಾಯಿಗೆ ಕೊಡುವುದು ಸರಿಯಲ್ಲ. ಖಾತೆಗಳು ವಿಲೀನವಾದ ಬ್ಯಾಂಕಿಗೆ ವರ್ಗವಾಗಿರುತ್ತವೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗಿದ್ದರೂ ವಾರಸುದಾರರು ಅದನ್ನು ಕೇಳಿ ಪಡೆಯಬಹುದು. ಇಂಥ ಠೇವಣಿಗಳನ್ನು ಹೆಸರಿನ ಮೇಲೆ ಹುಡುಕಲು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಉದ್ಗಮ್ ಎಂಬ ಪೋರ್ಟಲ್ ತೆರೆದಿದೆ. ಷೇರು ಪತ್ರಗಳ ವಿಷಯವೂ ಹಾಗೆಯೇ: ಏಳು ವರ್ಷ ಪಡೆಯದೆ ಉಳಿದ ಲಾಭಾಂಶ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಸೇರಿದರೂ ಹಕ್ಕು ಅಳಿಯುವುದಿಲ್ಲ. ಆದ್ದರಿಂದ ಹಿರಿಯರ ಹಣಕಾಸಿನ ಕಾಗದವನ್ನು ಹುಡುಕಾಟ ಮುಗಿಯುವ ತನಕ ನಾಶಪಡಿಸಬಾರದು. ಯಂತ್ರ ಮನೆಗೆ ಬಂದ ಉತ್ಸಾಹದಲ್ಲಿ ಈ ಹಂತವನ್ನು ಹಾರುವವರೇ ಹೆಚ್ಚು ಎಂದು ನನ್ನ ಅನುಮಾನ.

ಮೂರನೆಯ ಕಟ್ಟು ಗುಟ್ಟಿಲ್ಲದ ಕಾಗದ. ಅಚ್ಚಾದ ಷರತ್ತುಗಳ ಪುಸ್ತಿಕೆಗಳು, ಕಂಪನಿಗಳ ವಾರ್ಷಿಕ ವರದಿಗಳು, ಮದುವೆಯ ಕರೆಯೋಲೆಗಳು, ಖಾಲಿ ಅರ್ಜಿ ನಮೂನೆಗಳು, ಹಳೆಯ ವಾರಪತ್ರಿಕೆಗಳು. ನಮ್ಮ ರಾಶಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಆಗಿತ್ತು, ಮತ್ತು ಇದು ನಿಶ್ಚಿಂತೆಯಿಂದ ರದ್ದಿಗೆ ಹೋಗಬಹುದು. ಜೊತೆಗೆ ಬಹುಪುಟದ ದಾಖಲೆಗಳಲ್ಲಿ ಗುಟ್ಟಿರುವ ಪುಟ ಒಂದೆರಡೇ. ವಿಮಾ ಪಾಲಿಸಿಯ ಮೊದಲ ಹಾಳೆಯಲ್ಲಿ ಹೆಸರು, ವಯಸ್ಸು, ನಾಮಿನಿಯ ವಿವರ ಇರುತ್ತವೆ, ಉಳಿದದ್ದೆಲ್ಲ ಎಲ್ಲರಿಗೂ ಕೊಡುವ ನಿಯಮಾವಳಿ. ಮೊದಲ ಹಾಳೆ ಹರಿದು ತೆಗೆದರೆ ಇಪ್ಪತ್ತು ಹಾಳೆ ಉಳಿಯಿತು. ಹೀಗೆ ಸೋಸಿ ಸೋಸಿ ಯಂತ್ರದ ಪಾಲಿಗೆ ಬಂದದ್ದು ಮೂಲ ರಾಶಿಯ ಐದನೆಯ ಒಂದು ಭಾಗದಷ್ಟು: ಆಧಾರ್ ಮತ್ತು ಪ್ಯಾನ್ ಪ್ರತಿಗಳು, ಮುಚ್ಚಿದ ಖಾತೆಗಳ ಬಳಸದ ಚೆಕ್ಕುಗಳು, ಬ್ಯಾಂಕ್ ವಿವರಪಟ್ಟಿಗಳು, ಸಂಬಳದ ತೆರಿಗೆ ಕಡಿತ ತೋರಿಸುವ ಹಳೆಯ ನಮೂನೆ 16, ಆಸ್ಪತ್ರೆಯ ಬಿಡುಗಡೆ ಸಾರಾಂಶ ಮತ್ತು ಪ್ರಯೋಗಾಲಯದ ವರದಿಗಳು, ಹೆಬ್ಬೆರಳ ಗುರುತಿರುವ ಪತ್ರಗಳ ಜೆರಾಕ್ಸು.

ಈಗ ಕತ್ತರಿಸುವ ಗುಣದ ಬಗ್ಗೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಕ್ರಾಸ್ ಕಟ್ ಎಂಬ ಎರಡು ಪದಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಸಣ್ಣ ಅಕ್ಷರದಲ್ಲಿರುವ ಪಿ-4, ಪಿ-5 ಎಂಬ ದರ್ಜೆ. ಇದು ಜರ್ಮನಿಯ ಡಿಐಎನ್ 66399 ಮಾನದಂಡದಿಂದ ಬಂದು, ಮುಂದೆ ಅಂತರರಾಷ್ಟ್ರೀಯ ಮಾನದಂಡವೂ ಆಗಿರುವ ಅಳತೆ. ಪಿ-2ರಲ್ಲಿ ಕಾಗದ ಆರು ಮಿಲಿಮೀಟರ್ ಅಗಲದ ಉದ್ದನೆಯ ಪಟ್ಟಿಗಳಾಗಬಹುದು. ಪಿ-4ರಲ್ಲಿ ಪ್ರತಿ ಚೂರು 160 ಚದರ ಮಿಲಿಮೀಟರ್ ಮೀರಬಾರದು, ಪಿ-5ರಲ್ಲಿ 30 ಮೀರಬಾರದು. ಒಂದು ಎ4 ಹಾಳೆಯ ವಿಸ್ತೀರ್ಣ ಸುಮಾರು 62,370 ಚದರ ಮಿಲಿಮೀಟರ್. ಅಂದರೆ ಪಿ-2ರಲ್ಲಿ ಅದು ಕೇವಲ 35 ಪಟ್ಟಿಗಳಾಗುತ್ತದೆ, ಪಿ-4ರಲ್ಲಿ ಸುಮಾರು 390 ಚೂರುಗಳಾಗುತ್ತದೆ, ಪಿ-5ರಲ್ಲಿ ಎರಡು ಸಾವಿರ ದಾಟುತ್ತದೆ.

ಪಟ್ಟಿ ಕತ್ತರಿಸುವ ಅಗ್ಗದ ಯಂತ್ರಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಬ್ಯಾಂಕ್ ವಿವರಪಟ್ಟಿಯನ್ನು ಅಡ್ಡಲಾಗಿ ತುರುಕಿದರೆ ಒಂದೊಂದು ಸಾಲೂ ಒಂದೊಂದು ಪಟ್ಟಿಯಲ್ಲಿ ಇಡಿಯಾಗಿ ಓದಲು ಸಿಗುತ್ತದೆ. ಖಾತೆಯ ಸಂಖ್ಯೆ ತಾನಾಗಿಯೇ ಹೊರಗೆ ಬಂದು ನಿಂತಂತೆ. 1979ರಲ್ಲಿ ಟೆಹ್ರಾನಿನ ಅಮೆರಿಕನ್ ರಾಯಭಾರ ಕಚೇರಿಯನ್ನು ಆಕ್ರಮಿಸಿಕೊಂಡಾಗ, ಅಲ್ಲಿನ ಸಿಬ್ಬಂದಿ ಅವಸರದಲ್ಲಿ ಪಟ್ಟಿ ಮಾಡಿ ಹೋಗಿದ್ದ ರಹಸ್ಯ ಕಾಗದಗಳನ್ನು ಇರಾನಿನವರು ಜಮಖಾನೆ ನೇಯುವವರ ಕೈಯಿಂದ ಮರಳಿ ಜೋಡಿಸಿ ಪುಸ್ತಕಗಳಾಗಿ ಅಚ್ಚು ಹಾಕಿದರು. ಸಣ್ಣ ಚೂರುಗಳೂ ಅಭೇದ್ಯವಲ್ಲ: ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ 2011ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಚೂರುಗಳ ಐದು ಒಗಟುಗಳನ್ನು ಮುಂದಿಟ್ಟು ಸ್ಪರ್ಧೆ ಏರ್ಪಡಿಸಿತು, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ತಂಡ ಕಂಪ್ಯೂಟರಿನ ನೆರವಿನಿಂದ ಐದನ್ನೂ ಬಿಡಿಸಿ 50,000 ಡಾಲರ್ ಬಹುಮಾನ ಗೆದ್ದಿತು. ಆದರೆ ಅದಕ್ಕೆ ಪರಿಣತರ ತಂಡವೊಂದು ಒಂದು ತಿಂಗಳು ದುಡಿಯಬೇಕಾಯಿತು ಎಂಬುದನ್ನು ಗಮನಿಸಿ. ಮೈಸೂರಿನ ಸರಸ್ವತಿಪುರದ ನಿವೃತ್ತ ನೌಕರರ ವಿದ್ಯುತ್ ಬಿಲ್ಲಿಗಾಗಿ ಅಷ್ಟು ಶ್ರಮ ಯಾರೂ ಪಡುವುದಿಲ್ಲ. ಮನೆಗೆ ಪಿ-4 ಧಾರಾಳ ಸಾಕು. ಚೆಕ್ಕು ಮತ್ತು ಆಧಾರ್ ಪ್ರತಿಗಳ ಚೂರುಗಳನ್ನು ಬೇರೆ ಬೇರೆ ಚೀಲಗಳಿಗೆ ಬೆರೆಸಿಬಿಟ್ಟರೆ ಉಳಿದ ಅಳುಕೂ ಹೋಗುತ್ತದೆ.

ಪೆಟ್ಟಿಗೆಯ ಮೇಲಿನ ಇನ್ನೊಂದು ಅಂಕಿ ಖರೀದಿದಾರರನ್ನು ಹೆಚ್ಚು ದಾರಿ ತಪ್ಪಿಸುತ್ತದೆ: ಒಮ್ಮೆಗೆ ಆರು ಹಾಳೆ, ಎಂಟು ಹಾಳೆ ಎಂಬುದು. ಹಾಳೆಗಳ ಸಂಖ್ಯೆಗಿಂತ ಎಷ್ಟೋ ಮುಖ್ಯವಾದದ್ದು, ಕೈಪಿಡಿಯ ಒಳಪುಟದಲ್ಲಿ ಅಡಗಿರುವ ಓಟ ಮತ್ತು ವಿಶ್ರಾಂತಿಯ ಅವಧಿ. ಈ ವರ್ಗದ ಯಂತ್ರಗಳು ಸಾಮಾನ್ಯವಾಗಿ ಎರಡರಿಂದ ಐದು ನಿಮಿಷ ಓಡಿ, ಮೋಟಾರು ಬಿಸಿಯೇರಿ, ಇಪ್ಪತ್ತರಿಂದ ನಲವತ್ತು ನಿಮಿಷ ತಣಿಯಬೇಕು. ಬಿಸಿ ಮಿತಿ ದಾಟಿದರೆ ಒಳಗಿನ ಸುರಕ್ಷತಾ ಸ್ವಿಚ್ಚು ತಾನಾಗಿಯೇ ನಿಲ್ಲಿಸುತ್ತದೆ. ಅದು ಯಂತ್ರದ ಕೆಡುಕಲ್ಲ, ಅದರ ಸ್ವಭಾವ. ಆನ್‌ಲೈನಿನಲ್ಲಿ ಎರಡೇ ದಿನಕ್ಕೆ ಕೆಟ್ಟುಹೋಯಿತು ಎಂದು ಒಂದು ನಕ್ಷತ್ರ ಕೊಟ್ಟವರ ಬರಹಗಳಲ್ಲಿ ಬಹಳಷ್ಟು ಈ ನಿಲುಗಡೆಯನ್ನೇ ಕೆಡುಕೆಂದು ತಿಳಿದವೆಂದು ತೋರುತ್ತದೆ.

ಈ ಅಂಕಿಯಿಂದ ಲೆಕ್ಕ ಹಾಕಿ ನೋಡಿ. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಕಾಗದದ ಎ4 ಹಾಳೆ ಒಂದಕ್ಕೆ ಸುಮಾರು 4.7 ಗ್ರಾಂ ತೂಕ. ಐವತ್ತು ಕಿಲೋ ಎಂದರೆ ಹತ್ತು ಸಾವಿರ ಹಾಳೆಗೂ ಮಿಗಿಲು. ಒಮ್ಮೆಗೆ ಐದು ಹಾಳೆಯಂತೆ ನಿಮಿಷಕ್ಕೆ ನಾಲ್ಕು ಸಲ ಉಣಿಸಿದರೆ ಇಪ್ಪತ್ತು ಹಾಳೆ, ಮೂರು ನಿಮಿಷದ ಓಟಕ್ಕೆ ಅರವತ್ತು. ಆಮೇಲೆ ಅರ್ಧ ಗಂಟೆ ಸುಮ್ಮನೆ ಕೂರಬೇಕು. ಗಂಟೆಗೆ ನೂರಹತ್ತರ ಆಸುಪಾಸು ಬಿದ್ದರೆ ಹೆಚ್ಚು, ಅಂದರೆ ಇಡೀ ರಾಶಿಗೆ ತೊಂಬತ್ತು ಗಂಟೆಗೂ ಹೆಚ್ಚು. ಯಂತ್ರ ಹೊಸದಿರುವಾಗಲೇ ಅದರಿಂದ ಹೊಗೆಯೆಬ್ಬಿಸುವ ಉದ್ದೇಶ ಇಲ್ಲದವರಿಗೆ ಇದು ಆಗದ ಕೆಲಸ. ಅದೇ ವಿಂಗಡಿಸಿದ ಹತ್ತು ಕಿಲೋ ಆದರೆ ಎರಡು ಸಾವಿರ ಹಾಳೆ. ಸಂಜೆಗೆ ಎರಡು ಸರದಿಯಂತೆ, ಅಡುಗೆಯ ನಡುನಡುವೆ, ಎರಡು ಮೂರು ವಾರಗಳಲ್ಲಿ ಬೇಸರವಿಲ್ಲದೆ ಮುಗಿಯುತ್ತದೆ. ಇಪ್ಪತ್ತು ನಿಮಿಷಕ್ಕೂ ಮೀರಿ ಓಡುವ ಕಚೇರಿ ದರ್ಜೆಯ ಯಂತ್ರಗಳೂ ಇವೆ, ಬೆಲೆ ಹಲವು ಪಟ್ಟು. ಒಂದೇ ಬಾರಿಯ ಕೆಲಸಕ್ಕೆ ಅಷ್ಟು ಹಣ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಕೈಯಾರೆ ಬಳಸುವಾಗ ಕಂಡದ್ದನ್ನೂ ಬರೆಯಬೇಕು. ಹಾಳೆಯ ಅಂಚು ಬಾಯಿಗೆ ತಾಗುತ್ತಲೇ ಸಂವೇದಕ ಎಚ್ಚೆತ್ತು, ಹಲ್ಲುಗಳು ಹಾಳೆಯನ್ನು ಕೈಯಿಂದ ಕಸಿದುಕೊಳ್ಳುತ್ತವೆ. ಒಂದು ಎ4 ಹಾಳೆ ಪೂರ್ತಿ ಒಳಗಿಳಿಯಲು ಎಂಟು ಹತ್ತು ಸೆಕೆಂಡು. ಸದ್ದು ಮಿಕ್ಸಿಯಷ್ಟಿಲ್ಲವಾದರೂ ರಾತ್ರಿ ಹತ್ತರ ಮೇಲೆ ನಡೆಸುವಂಥದ್ದಲ್ಲ. ಐದು ಹೊಸ ಹಾಳೆಗಳನ್ನು ಸರಾಗವಾಗಿ ಕತ್ತರಿಸಿದ ಯಂತ್ರ ಮೂರೇ ಛಾಪಾ ಕಾಗದಕ್ಕೆ ಮೊರೆಯತೊಡಗಿತು. ಹಳೆಯ ಛಾಪಾ ಕಾಗದ ದಪ್ಪ, ಗಡುಸು, ಅದನ್ನು ಒಂದೊಂದಾಗಿ ಕೊಡುವುದೇ ಸರಿ. ಮಳೆಗಾಲದಲ್ಲಿ ತೇವ ಹೀರಿದ ಹಾಳೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಬಿಸಿಲಿಗೆ ಒಂದು ದಿನ ಹರಡಿ ತರಬೇಕು. ಸ್ಟೇಪ್ಲರ್ ಪಿನ್ನನ್ನು ನುಂಗುತ್ತದೆಂದು ಕೈಪಿಡಿ ಹೇಳುತ್ತದೆ, ನುಂಗುತ್ತದೆ ಕೂಡ. ಆದರೆ ನಮ್ಮ ಕಚೇರಿ ಕಾಗದಗಳ ನಿಜವಾದ ಶತ್ರು ಪಿನ್ನಲ್ಲ, ಎರಡು ತುದಿಗೂ ಲೋಹದ ಕಡ್ಡಿ ಇರುವ ಹಸಿರು ದಾರದ ಟ್ಯಾಗು ಮತ್ತು ತುಕ್ಕು ಹಿಡಿದ ಗುಂಡುಸೂಜಿ. ಇವನ್ನು ಮೊದಲೇ ಕೀಳದಿದ್ದರೆ ದಾರ ಉರುಳೆಗೆ ಸುತ್ತಿಕೊಳ್ಳುತ್ತದೆ, ಹಿಮ್ಮುಖ ಗುಂಡಿ ಒತ್ತಿದರೂ ಬಿಡುವುದಿಲ್ಲ, ಇಕ್ಕಳ ಹಿಡಿದು ಕೂರಬೇಕಾಗುತ್ತದೆ.

ಪಾಸ್‌ಬುಕ್ಕಿನ ರಟ್ಟು, ಲ್ಯಾಮಿನೇಟ್ ಮಾಡಿದ ಗುರುತಿನ ಚೀಟಿ, ಕಾರ್ಬನ್ ಕಾಗದ, ಅಂಟಿನ ಲಕೋಟೆ ಇವು ಯಂತ್ರಕ್ಕೆ ಬೇಡ. ರಟ್ಟು ಕಿತ್ತು ಒಳಹಾಳೆಗಳನ್ನಷ್ಟೇ ಕೊಡಿ. ಲ್ಯಾಮಿನೇಟ್ ಚೀಟಿಯನ್ನು ಕತ್ತರಿಯಿಂದ ಸಂಖ್ಯೆ, ಚಿತ್ರ ಮತ್ತು ಸಹಿಯ ಮೇಲೆ ಹಾಯುವಂತೆ ತುಂಡರಿಸಿದರೆ ಸಾಕು. ಡೆಬಿಟ್ ಕಾರ್ಡನ್ನು ನುಂಗುವ ಪ್ರತ್ಯೇಕ ಬಾಯಿ ಹಲವು ಯಂತ್ರಗಳಲ್ಲಿದೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬುಟ್ಟಿಯ ವಿಷಯದಲ್ಲಿ ಮಾತ್ರ ನನಗೆ ಅಸಮಾಧಾನ: ಚೂರುಗಳು ಹತ್ತಿಯಂತೆ ಉಬ್ಬಿ ಹದಿನೈದು ಲೀಟರಿನ ಬುಟ್ಟಿ ನೂರು ಹಾಳೆಗೇ ತುಂಬುತ್ತದೆ, ಯಂತ್ರದ ತಲೆಯನ್ನು ಎತ್ತಿ ಬೇರೆಡೆ ಇಡುವಾಗ ಹಲ್ಲಿನಲ್ಲಿ ಸಿಕ್ಕಿದ ಚೂರುಗಳೆಲ್ಲ ನೆಲಕ್ಕೆ ಸುರಿಯುತ್ತವೆ. ಎಳೆದು ತೆಗೆಯುವ ಬುಟ್ಟಿ ಇರುವ ಮಾದರಿಗೆ ಐನೂರೋ ಸಾವಿರವೋ ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಸೀರೆಯ ಸೆರಗು, ವೇಲು, ಉದ್ದ ಜಡೆ, ಮಕ್ಕಳ ಬೆರಳು ಇವೆಲ್ಲವನ್ನೂ ಈ ಸಂವೇದಕ ಹಾಳೆಯೆಂದೇ ತಿಳಿಯುತ್ತದೆ. ಬಳಸದಾಗ ಗುಂಡಿಯನ್ನಲ್ಲ, ಪ್ಲಗ್ಗನ್ನೇ ಕೀಳಬೇಕು.

ಹಲ್ಲಿಗೆ ಆಗಾಗ ಎಣ್ಣೆ ಬೇಕು. ಇದಕ್ಕೆಂದೇ ಮಾರುವ ಎಣ್ಣೆಯನ್ನು ಒಂದು ಹಾಳೆಯ ಮೇಲೆ ಅಂಕುಡೊಂಕಾಗಿ ಸುರಿದು ಆ ಹಾಳೆಯನ್ನೇ ಉಣಿಸುವುದು ಕ್ರಮ. ತುಕ್ಕು ಬಿಡಿಸಲು ಮನೆಯಲ್ಲಿಟ್ಟಿರುವ ಸ್ಪ್ರೇ ಡಬ್ಬಿಯನ್ನು ಮಾತ್ರ ಹತ್ತಿರ ತರಬಾರದು. ಅದರೊಳಗಿನ ಅನಿಲ ಮೋಟಾರಿನ ಕಿಡಿಗೆ ಹೊತ್ತಿಕೊಳ್ಳುವ ಅಪಾಯವಿದೆ.

ಯಂತ್ರವಿಲ್ಲದೆಯೂ ಆಗುವುದಿಲ್ಲವೇ ಎಂದರೆ, ಆಗುತ್ತದೆ. ಸುಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಲು ಆದೇಶಿಸಿದೆ. ಕಾನೂನು ಹಾಗಿರಲಿ, ಕಟ್ಟು ಕಾಗದ ಸುಲಭದಲ್ಲಿ ಸುಡುವುದೂ ಇಲ್ಲ: ಗಾಳಿಯಾಡದ ನಡುಭಾಗ ಅಂಚಿನಲ್ಲಷ್ಟೇ ಕಂದಾಗಿ, ಮೇಲಿನ ಹಾಳೆಗಳು ಅರೆಬೆಂದು ಹಾರಿ ಪಕ್ಕದ ಮನೆಯ ತಾರಸಿಗೆ ಇಳಿಯುತ್ತವೆ, ಓದುವಂತೆಯೇ.

ನೀರಿನಲ್ಲಿ ನೆನೆಹಾಕುವುದು ಅದಕ್ಕಿಂತ ಎಷ್ಟೋ ಮೇಲು, ಆದರೆ ನೆನೆಸಿದರಷ್ಟೇ ಸಾಲದು. ಜೆರಾಕ್ಸ್ ಮತ್ತು ಲೇಸರ್ ಮುದ್ರಣದ ಕಪ್ಪು ಶಾಯಿಯಲ್ಲ, ಶಾಖದಿಂದ ಕರಗಿಸಿ ಕಾಗದಕ್ಕೆ ಅಂಟಿಸಿದ ಪ್ಲಾಸ್ಟಿಕ್ ಪುಡಿ. ಬಕೆಟ್ಟಿನಲ್ಲಿ ಎರಡು ದಿನ ಮುಳುಗಿದ್ದರೂ ಅಕ್ಷರ ಹಾಗೇ ಇರುತ್ತದೆ. ಬಾಲ್ ಪೆನ್ನಿನ ಸಹಿಯೂ ಎಣ್ಣೆಯ ಶಾಯಿಯಾದ್ದರಿಂದ ಜಗ್ಗುವುದಿಲ್ಲ. ಅಕ್ಷರ ಹೋಗಬೇಕಾದರೆ ಕಾಗದದ ನಾರೇ ಬಿಡಿಬಿಡಿಯಾಗಬೇಕು, ಅಂದರೆ ರುಬ್ಬಬೇಕು. ಈ ವಿದ್ಯೆ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು: ರದ್ದಿ ಕಾಗದವನ್ನು ನೆನೆಸಿ, ಮೆಂತ್ಯ ಸೇರಿಸಿ ಒರಳಿನಲ್ಲಿ ರುಬ್ಬಿ, ಆ ಮುದ್ದೆಯನ್ನು ಮೊರದ ಸಂದುಗಳಿಗೆ ಬಳಿಯುತ್ತಿದ್ದರು, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಿದ್ದರು. ಯಾವ ಡಿಐಎನ್ ದರ್ಜೆಯೂ ಆ ಮುದ್ದೆಗೆ ಸಾಟಿಯಲ್ಲ. ಅದರಿಂದ ಒಂದು ಅಂಕಿಯನ್ನೂ ಯಾರೂ ಮರಳಿ ಪಡೆಯಲಾರರು. ಹಳೆಯ ಗ್ರೈಂಡರ್ ಇದ್ದವರು ಇಂದಿಗೂ ಒಂದೆರಡು ಕಿಲೋವರೆಗೆ ಹೀಗೆ ಮಾಡಬಹುದು, ಪಿನ್ನುಗಳನ್ನು ಕಿತ್ತ ಮೇಲೆ. ಅದಕ್ಕೂ ಮೀರಿದರೆ ನೀರು, ರಾಡಿ, ವಾಸನೆಗಳೇ ದೊಡ್ಡ ತಲೆನೋವಾಗುತ್ತವೆ.

ಮೂರನೆಯ ದಾರಿ ವಾಹನದಲ್ಲೇ ದೊಡ್ಡ ಯಂತ್ರವನ್ನು ತಂದು ಮನೆಬಾಗಿಲಲ್ಲಿ ಕತ್ತರಿಸಿಕೊಡುವ ಸೇವೆ. ಬೆಂಗಳೂರಿನಲ್ಲಿ ಇದು ಕಂಪನಿಗಳಿಗೆ ಹೊಸದೇನಲ್ಲ. ಮನೆಗಳಿಗೆ ಬರಲು ಅವರಿಗೆ ಕನಿಷ್ಠ ಇಂತಿಷ್ಟು ತೂಕ ಎಂಬ ನಿಬಂಧನೆ ಇರುತ್ತದೆ. ವಿಚಾರಿಸಿದಾಗ ಒಂದು ಸಂಸ್ಥೆ, ಹೆಸರು ಬೇಡ, ವಾಹನ ಕಳಿಸುವುದಾಗಿ ಒಪ್ಪಿ ಕೊನೆಗೆ ಇಬ್ಬರು ಹುಡುಗರನ್ನೂ ಖಾಲಿ ಗೋಣಿಗಳನ್ನೂ ಕಳಿಸಿ, ಕಾಗದ ಒಯ್ಯುತ್ತೇವೆ, ನಾಶಪಡಿಸಿದ ಪ್ರಮಾಣಪತ್ರ ಮೇಲ್‌ನಲ್ಲಿ ಬರುತ್ತದೆ ಎಂದಿತು. ಗೋಣಿಯ ಬಾಯಿಗೆ ದಾರವಷ್ಟೇ, ಬೀಗವಿಲ್ಲ, ಮೊಹರಿಲ್ಲ. ನಾವು ಕೊಡಲಿಲ್ಲ. ಕಣ್ಣೆದುರಿಗೆ ಕತ್ತರಿಸಿಕೊಟ್ಟು, ತೂಕ ಮತ್ತು ದಿನಾಂಕ ನಮೂದಿಸಿದ ಪ್ರಮಾಣಪತ್ರವನ್ನು ಅಲ್ಲೇ ಕೈಗಿಡುವವರಾದರೆ ಮೂವತ್ತು ಕಿಲೋ ಮೀರಿದ ರಾಶಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯಿಲ್ಲ. ಒಂದೇ ಅಪಾರ್ಟ್‌ಮೆಂಟಿನ ಹತ್ತಾರು ಮನೆಯವರು ಸೇರಿ ಕರೆಸಿದರೆ ಕನಿಷ್ಠ ತೂಕವೂ ತುಂಬುತ್ತದೆ, ಖರ್ಚೂ ಹಂಚಿಹೋಗುತ್ತದೆ. ವೈದ್ಯರ ಕ್ಲಿನಿಕ್ಕು ಅಥವಾ ಲೆಕ್ಕಪರಿಶೋಧಕರ ಕಚೇರಿ ಮನೆಯಲ್ಲೇ ಇರುವವರಿಗೆ ಈ ಪ್ರಮಾಣಪತ್ರ ಅಗತ್ಯವೆಂದೇ ಹೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಡಿಜಿಟಲ್ ರೂಪದ ವಿವರಕ್ಕೆ ಅನ್ವಯಿಸುವಂಥದ್ದು, ಬರೀ ಕಾಗದಕ್ಕಲ್ಲ, ಆದರೂ ಅವರ ಬಳಿ ಇರುವುದು ಇತರರ ವಿವರ.

ಕತ್ತರಿಸಿದ ಮೇಲೆ ಉಳಿಯುವ ಚೂರಿನ ಗತಿಯನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಇಡಿಯ ಹಾಳೆಗೆ ರದ್ದಿಯವರು ಬೆಲೆ ಕೊಡುತ್ತಾರೆ, ಚೂರಿಗೆ ಕೊಡುವುದಿಲ್ಲ. ಕತ್ತರಿಸಿದಷ್ಟೂ ನಾರು ಮೋಟಾಗುತ್ತದೆ, ವಿಂಗಡಿಸುವಾಗ ಚೆಲ್ಲಿಹೋಗುತ್ತದೆ. ಒಣಕಸದವರಿಗೆ ಕೊಡುವುದಾದರೆ ಬಾಯಿ ಕಟ್ಟಿದ ಚೀಲದಲ್ಲಿ ಕೊಡಬೇಕು, ಬಿಡಿಯಾಗಿ ಸುರಿದರೆ ಪೌರಕಾರ್ಮಿಕರು ಬೀದಿಯುದ್ದಕ್ಕೂ ಗುಡಿಸಬೇಕಾಗುತ್ತದೆ. ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಮಾತ್ರ ಇದು ಲಾಭದ ಸರಕು: ಹಸಿಕಸದ ನೀರನ್ನು ಹೀರಿಕೊಳ್ಳಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬದಲಿಗೆ ಒಂದೊಂದು ಹಿಡಿ ಹಾಕಿ ಕಲಸಿದರೆ ಚೆನ್ನಾಗಿ ಕರಗುತ್ತದೆ, ಕಲಸದೆ ಬಿಟ್ಟರೆ ಹೆಂಟೆಗಟ್ಟುತ್ತದೆ. ಎಟಿಎಂ ಚೀಟಿ, ಅಂಗಡಿಯ ಬಿಲ್ಲು ಮುಂತಾದ ಶಾಖಮುದ್ರಣದ ನುಣುಪು ಕಾಗದಗಳು ಅದಕ್ಕೂ ಬೇಡ, ಮರುಬಳಕೆಗೂ ಬೇಡ. ಅವುಗಳಲ್ಲಿ ಹೆಚ್ಚಿನವುಗಳ ಲೇಪದಲ್ಲಿ ಬಿಸ್ಫೆನಾಲ್ ವರ್ಗದ ರಾಸಾಯನಿಕಗಳಿರುತ್ತವೆ. ಅವನ್ನು ಪ್ರತ್ಯೇಕವಾಗಿ ಕತ್ತರಿಸಿ ಉಳಿಕೆ ಕಸಕ್ಕೆ ಹಾಕುವುದು ಸರಿಯಾದ ಕ್ರಮ.

ಕೊಳ್ಳುವವರು ಪಿ-4 ಎಂದು ಅಚ್ಚಾಗಿರುವ, ಐದು ನಿಮಿಷವಾದರೂ ಓಡುವ, ಬುಟ್ಟಿಯನ್ನು ಮುಂದಕ್ಕೆ ಎಳೆಯಬಹುದಾದ ಯಂತ್ರವನ್ನು ಆರಿಸಲಿ. ಹಾಳೆಗಳ ಸಂಖ್ಯೆ ಆರಿದ್ದರೂ ಎಂಟಿದ್ದರೂ ವ್ಯತ್ಯಾಸವಾಗದು. ಮೋಟಾರಿಗೂ ಕತ್ತರಿಸುವ ಉರುಳೆಗೂ ವಾರಂಟಿ ಬೇರೆ ಬೇರೆ ಇರುತ್ತದೆ, ರಶೀದಿ ಕೇಳುವಾಗ ಎರಡನ್ನೂ ಬರೆಸಿಕೊಳ್ಳಬೇಕು. ವರ್ಷಕ್ಕೆ ನೂರು ಹಾಳೆಯೂ ಇಲ್ಲದ ಮನೆಗೆ ಇದು ದುಂದು, ಐದು ಅಲಗಿನ ಕೈಗತ್ತರಿಯೇ ಸಾಕು. ನಮ್ಮ ಯಂತ್ರ ಈಗ ಮೂರು ಮನೆಗಳ ನಡುವೆ ಓಡಾಡುತ್ತಿದೆ, ಮತ್ತು ಸದ್ಯಕ್ಕೆ ಶಿವಮೊಗ್ಗದಲ್ಲಿದೆ.